ಮಾವನಿಗೆ ಕಿವಿ ಬಂದ ಮಳೆಗಾಲ

ಮೊನ್ನೆ ಆಂಡರ್ಸನ್‌ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಇದ್ದಕ್ಕಿದ್ದಂತೆ ಮಳೆ ಹಿಡಿದುಕೊಂಡಿತು. ಓಡಿಹೋಗಿ ಒಂದು ಮೊಬೈಲ್ ರಿಪೇರಿ ಅಂಗಡಿಯ ಸೂರಿನ ಕೆಳಗೆ ನಿಂತೆ. ಒಳಗೆ ಅಂಗಡಿಯವನು ತಲೆ ಬಗ್ಗಿಸಿಕೊಂಡು ಯಾವುದೋ ಫೋನಿಗೆ ಬೆಸುಗೆ ಹಾಕುತ್ತಿದ್ದ. ರಾಳ ಸುಟ್ಟ ಹೊಗೆಯೂ ಆಗಷ್ಟೇ ನೆಂದ ಮಣ್ಣಿನ ವಾಸನೆಯೂ ಒಟ್ಟಿಗೇ ಮೂಗಿಗೆ ಬಂದವು. ಒಂದೊಂದೇ ಆದರೆ ನನಗೇನೂ ಆಗುವುದಿಲ್ಲ. ಎರಡೂ ಸೇರಿದರೆ ಈಗಲೂ ಅಂಗೈ ತಣ್ಣಗಾಗುತ್ತದೆ. ಬಸ್ಸು ಬಂತು, ಹೋಯಿತು. ನಾನು ಗೋಡೆಗೆ ಒರಗಿಕೊಂಡು ಅಲ್ಲೇ ನಿಂತಿದ್ದೆ.

ಅದು ನಮ್ಮ ಸೀಮೆಯ ಕೆರೆಗಳೆಲ್ಲ ಕೋಡಿ ಬಿದ್ದ ವರ್ಷ. ಎಷ್ಟೋ ಕಾಲದಿಂದ ಜಾಲಿ ಬೆಳೆದು ಕಾಡಾಗಿದ್ದ ಕೆರೆಯಂಗಳಗಳಲ್ಲಿ ನೀರು ನಿಂತು, ಜಾಲಿಯ ತುದಿಗಳು ಮಾತ್ರ ಮೇಲೆ ಕಾಣುತ್ತಿದ್ದವು. ಬತ್ತಿಹೋಗಿದ್ದ ಕೊಳವೆಬಾವಿಗಳಿಂದ ನೀರು ತಾನಾಗಿಯೇ ಉಕ್ಕುತ್ತಿದೆಯೆಂದು ಜನ ಗಾಡಿ ಕಟ್ಟಿಕೊಂಡು ಹೋಗಿ ನೋಡಿ, ಅರಿಶಿನ ಕುಂಕುಮ ಹಾಕಿ ಬಂದರು. ನಮ್ಮೂರಿರುವುದು ಕ್ಯಾಸಂಬಳ್ಳಿ ದಾರಿಯಲ್ಲಿ. ಅಂಗಳದಲ್ಲಿ ನಿಂತರೆ ದೂರಕ್ಕೆ ಮೈಸೂರು ಮೈನ್ಸ್ ಕಡೆಯ ಸಯನೈಡ್ ದಿಬ್ಬಗಳು, ಚಿನ್ನ ತೆಗೆದು ಸುರಿದ ಮಣ್ಣಿನ ರಾಶಿಗಳು, ಕಾಣುತ್ತವೆ. ಆ ವರ್ಷ ಮಳೆಯ ಮಬ್ಬಿನಲ್ಲಿ ಅವು ಕಾಣದ ದಿನಗಳೇ ಹೆಚ್ಚು.

ಮನೆಯಲ್ಲಿದ್ದವರು ನಾನು, ನನ್ನ ಗಂಡ ನಾಗರಾಜ, ಅವರ ಅಪ್ಪ ಮುನಿಶಾಮಪ್ಪ. ನಾಗರಾಜ ಬೆಳಗಾಗುತ್ತಲೇ ಊರಿನವರ ತರಕಾರಿ ಹೇರಿಕೊಂಡು ಬಂಗಾರಪೇಟೆಗೆ ಟೆಂಪೋ ಓಡಿಸಿಕೊಂಡು ಹೋಗುತ್ತಿದ್ದರು. ಹಸುಗಳ ಕೆಲಸ ನನ್ನದು. ಮಾವ ಚಿನ್ನದ ಗಣಿಯಲ್ಲಿ ದುಡಿದವರು, ಗಣಿ ನಿಂತ ಮೇಲೆ ಮನೆಗೆ ಬಂದವರು. ಅವರಿಗೆ ಕಿವಿ ಕೇಳುತ್ತಿರಲಿಲ್ಲ. ನಮ್ಮ ಮದುವೆಗೂ ಬಹಳ ಹಿಂದೆ, ನೆಲದಾಳದಲ್ಲಿ ಬಂಡೆ ಸಿಡಿದಾಗ ಅವರ ಎರಡೂ ಕಿವಿಯ ತಮಟೆ ಹರಿದುಹೋಗಿತ್ತು. ಸೊಸೆಯಾಗಿ ಬಂದಾಗಿನಿಂದ ನಾನು ಅವರೊಂದಿಗೆ ಆಡಿದ ಮಾತೆಲ್ಲ ಕೈಸನ್ನೆಯಲ್ಲೇ.

ಹಸು, ಹಾಲು, ಡೈರಿ ಇಷ್ಟು ಬಿಟ್ಟರೆ ನನಗೊಂದು ಹುಚ್ಚಿತ್ತು. ನನ್ನ ತವರು ಬಂಗಾರಪೇಟೆ. ಸ್ಟೇಷನ್ ರಸ್ತೆಯಲ್ಲಿ ಅಪ್ಪನ ಮೋಟರ್ ವೈಂಡಿಂಗ್ ಅಂಗಡಿಯಿತ್ತು. ತಾಮ್ರದ ತಂತಿ, ವಾರ್ನಿಷ್ ವಾಸನೆಯ ನಡುವೆಯೇ ಬೆಳೆದವಳು. ಇಲ್ಲಿಗೆ ಬಂದ ಮೇಲೆ ಹಸುಗಳಿಗೆ ಹೊಸ ಕೊಟ್ಟಿಗೆ ಕಟ್ಟಿಸಿದಾಗ ಹಳೆಯದನ್ನು ನನಗೆ ಬಿಟ್ಟುಕೊಡಿ ಎಂದು ಕೇಳಿಕೊಂಡೆ. ಗೊಂತಿನ ಮೇಲೆ ಹಲಗೆ ಹಾಸಿ ಬೆಂಚು ಮಾಡಿದೆ. ಕೆಟ್ಟ ಮಿಕ್ಸಿ, ಸುಟ್ಟ ಪಂಪು, ಯಾರೋ ಎಸೆದ ಟೇಪ್‌ರೆಕಾರ್ಡರ್ ಎಲ್ಲ ಅಲ್ಲಿ ಬಂದು ಸೇರುತ್ತಿದ್ದವು. ರಿಪೇರಿಯಾದರೆ ಸರಿ, ಆಗದಿದ್ದರೆ ಬಿಚ್ಚಿ ಇನ್ನೇನಾದರೂ ಮಾಡುತ್ತಿದ್ದೆ. ಮಧ್ಯಾಹ್ನ ಹೊತ್ತು ಮಾವ ಬಂದು ಬೆಂಚಿನ ಆಚೆ ಬದಿ ಸ್ಟೂಲಿನ ಮೇಲೆ ಕೂತು, ಹಲಗೆಗೆ ಗದ್ದ ಊರಿ, ನಾನು ಮಾಡುವುದನ್ನೇ ನೋಡುತ್ತಿದ್ದರು.

ಆ ಮಳೆಗಾಲದ ಶುರುವಿನಲ್ಲಿ ಕೊಳವೆಬಾವಿಯಿಂದ ತೊಟ್ಟಿಗೆ ಬರುವ ನೆಲದೊಳಗಿನ ಪೈಪು ಎಲ್ಲೋ ಒಡೆದಿತ್ತು. ಎಲ್ಲಿ ನೋಡಿದರೂ ಒದ್ದೆ ನೆಲವೇ ಆದ್ದರಿಂದ ಒಡೆದ ಜಾಗ ಕಣ್ಣಿಗೆ ಸಿಗುವಂತಿರಲಿಲ್ಲ. ಹಾಗಾಗಿ ಕಿವಿಯಿಂದ ಹುಡುಕೋಣವೆಂದು ಹೊರಟೆ. ಹಳೆಯ ಫೋನೊಂದರ ಗಂಟೆಯಿಂದ, ಅದುರಿದರೆ ಕರೆಂಟು ಹುಟ್ಟಿಸುವ ರೂಪಾಯಿಯಗಲದ ಹಿತ್ತಾಳೆಯ ಬಿಲ್ಲೆ ಬಿಚ್ಚಿಕೊಂಡು ಕಬ್ಬಿಣದ ಸರಳಿನ ತಲೆಗೆ ಅಂಟಿಸಿದೆ. ಅದರ ತಂತಿಯನ್ನು ಟೇಪ್‌ರೆಕಾರ್ಡರಿನ ಒಳಗಿನ ಸರ್ಕ್ಯೂಟಿಗೆ ಬೆಸೆದೆ. ಸರಳನ್ನು ನೆಲಕ್ಕೆ ಊರಿ ಹೆಡ್‌ಫೋನ್ ಹಾಕಿಕೊಂಡರೆ ಮಣ್ಣಿನೊಳಗಿನ ಸದ್ದೆಲ್ಲ ದೊಡ್ಡದಾಗಿ ಕೇಳುತ್ತಿತ್ತು. ನನ್ನದೇ ಹೆಜ್ಜೆ, ದೂರದಲ್ಲಿ ಮೇಯುವ ಹಸುವಿನ ಗೊರಸು, ಕೊನೆಗೊಂದು ಕಡೆ ಹಾವು ಬುಸುಗುಟ್ಟಿದ ಹಾಗೆ ನೀರು. ಅಗೆದೆ. ಪೈಪು ಅಲ್ಲೇ ಬಿರುಕು ಬಿಟ್ಟಿತ್ತು.

ಆ ಖುಷಿಯಲ್ಲಿ ಕೊಟ್ಟಿಗೆಗೆ ಬಂದು, ಕೋನ್ ಹರಿದ ಒಂದು ಸಣ್ಣ ಸ್ಪೀಕರನ್ನು ಸರ್ಕ್ಯೂಟಿಗೆ ಸಿಕ್ಕಿಸಿ, ರೇಡಿಯೋ ಹಾಕಿ, ಬೆಂಚಿನ ಮೇಲೆ ಮಕಾಡೆ ಇಟ್ಟಿದ್ದೆ. ಮಾವ ಬಂದು ಎಂದಿನಂತೆ ಹಲಗೆಗೆ ಗದ್ದ ಊರಿದರು. ಊರಿದವರೇ ಚೇಳು ಕಚ್ಚಿದಂತೆ ತಲೆ ಎತ್ತಿದರು. ಸುತ್ತ ನೋಡಿದರು. ಮತ್ತೆ ಮೆಲ್ಲಗೆ ಗದ್ದವನ್ನು ಹಲಗೆಗೆ ತಾಗಿಸಿದರು. ಅವರ ಕಣ್ಣುಗಳು ಅಗಲವಾದವು. ಕಿವಿಯ ತಮಟೆ ಹೋದರೂ ಮೂಳೆ ಸದ್ದನ್ನು ಒಳಗೆ ಒಯ್ಯುತ್ತದೆಂದು ನನಗೆ ಹೊಳೆಯಲು ಸ್ವಲ್ಪ ಹೊತ್ತೇ ಬೇಕಾಯಿತು.

ಆ ವಾರವೆಲ್ಲ ನಾನು ಬೇರೆ ಕೆಲಸ ಮುಟ್ಟಲಿಲ್ಲ. ಸ್ಪೀಕರಿನ ಕೋನ್ ಪೂರ್ತಿ ಕಿತ್ತು, ಸುರುಳಿಯ ತುದಿಗೆ ಬಾಟಲಿಯ ಮುಚ್ಚಳ ಅಂಟಿಸಿ, ಟವೆಲಿನ ಪಟ್ಟಿ ಹೊಲಿದು, ಮುಚ್ಚಳ ಕಿವಿಯ ಹಿಂದಿನ ಮೂಳೆಗೆ ಒತ್ತಿ ಕೂರುವಂತೆ ಮಾವನ ತಲೆಗೆ ಕಟ್ಟಿದೆ. ಟೇಪ್‌ರೆಕಾರ್ಡರಿನ ಮೈಕು ಹಿಡಿದು ಊಟ ಮಾಡಿದಿರಾ ಎಂದು ಕೇಳಿದೆ. ಇನ್ನೇನು ಕೇಳಬೇಕೆಂದು ತೋಚಲಿಲ್ಲ. ಮಾವ ಮುಚ್ಚಳವನ್ನು ಬೆರಳಿನಿಂದ ಇನ್ನಷ್ಟು ಒತ್ತಿ ಹಿಡಿದು ಹೇಳಿದರು:

"ನಿನ್ ದನಿ ತೆಳ್ಳಗಿರ್ತದೆ ಅಂದ್ಕೊಂಡಿದ್ದೆ ಅಮ್ಮಣ್ಣಿ. ಇಂಗೈತೆ ಅಂತ ಗೊತ್ತಿರ್ಲಿಲ್ಲ."

ಅವತ್ತು ಸಂಜೆ ನಾಗರಾಜ ಬಂದು ಅಪ್ಪನ ಎದುರು ಕೂತು ಮೈಕಿನಲ್ಲಿ ಏನೇನೋ ಮಾತಾಡಿದರು. ಇಬ್ಬರೂ ಅತ್ತರು. ಆಮೇಲಿನ ದಿನಗಳಲ್ಲಿ ಮಾವ ಸರ್ಕ್ಯೂಟಿನ ಪೆಟ್ಟಿಗೆಯನ್ನು ಕೊರಳಿಗೆ ನೇತುಹಾಕಿಕೊಂಡು, ಸರಳನ್ನು ಕೈಯಲ್ಲಿ ಹಿಡಿದು, ಕಂಡಕಂಡದ್ದಕ್ಕೆಲ್ಲ ತಾಗಿಸಿ ಕೇಳುತ್ತ ಓಡಾಡಿದರು. ಹಸುವಿನ ಪಕ್ಕೆಗೆ, ಕುದಿಯುವ ಪಾತ್ರೆಗೆ, ಹೊಂಗೆ ಮರಕ್ಕೆ. ಮನೆಯಲ್ಲಿ ಅಂಥ ದಿನಗಳು ನನ್ನ ನೆನಪಿನಲ್ಲಿ ಬೇರೆ ಇಲ್ಲ. ಅವು ಬಹಳ ಉಳಿಯಲಿಲ್ಲ.

ಗೌರಿಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಸುರುಳಿ ಸುತ್ತುತ್ತಿದ್ದೆ. ಮಾವ ಸರಳನ್ನು ಕೊಟ್ಟಿಗೆಯ ನೆಲಕ್ಕೆ ಊರಿ ಕೂತಿದ್ದರು. ತುಂಬ ಹೊತ್ತು ಅಲುಗಾಡಲಿಲ್ಲ. ಮುಖ ನೋಡಿದೆ, ರಕ್ತವೇ ಇರಲಿಲ್ಲ. ಏನೆಂದು ಸನ್ನೆಯಲ್ಲಿ ಕೇಳಿದೆ. ಅವರು ಪಟ್ಟಿ ಬಿಚ್ಚಿ ನನ್ನ ತಲೆಗೆ ಇಟ್ಟರು. ಮೊದಲು ನೀರಿನ ಮೊರೆತವೇ ಕೇಳಿತು. ಅದರೊಳಗೆ, ಬಹಳ ಕೆಳಗಿನಿಂದ, ಎರಡು ಬಡಿತ ಬೇಗಬೇಗನೆ, ತಡೆದು ಮತ್ತೊಂದು. ಸ್ವಲ್ಪ ಹೊತ್ತು ಏನಿಲ್ಲ. ಮತ್ತೆ ಅದೇ.

ಯಾವುದೋ ಪಂಪು ಇರಬೇಕೆಂದು ನಾನು ಊಹಿಸಿದೆ. ಎದ್ದು ಮೇನ್ ಸ್ವಿಚ್ಚು ಆರಿಸಿದೆ. ಊರಿನಲ್ಲೇ ಕರೆಂಟ್ ಹೋದ ಹೊತ್ತಿನಲ್ಲೂ ಬ್ಯಾಟರಿ ಹಾಕಿ ಕೇಳಿದೆ. ಬಡಿತ ಇತ್ತು. ಮಾರಿಕುಪ್ಪಂ ರೈಲಿನ ಸದ್ದು ಹೇಗೆ ಬರುತ್ತದೆಂದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು, ಇದು ಅದಲ್ಲ. ಮಾವ ಮಾತ್ರ ಏನನ್ನೂ ಪರೀಕ್ಷೆ ಮಾಡಲಿಲ್ಲ. ಸುತ್ತಿಗೆ ತಗೊಂಡು ಸರಳಿನ ಮೇಲೆ ಹಾಗೆಯೇ ಬಡಿದರು. ಎರಡು ಬೇಗ, ಒಂದು ತಡೆದು. ಕಣ್ಣು ಮುಚ್ಚಿ ಕಾದರು. ಪಟ್ಟಿ ನನ್ನ ತಲೆಯ ಮೇಲಿತ್ತು. ಕೆಳಗಿನಿಂದ ಉತ್ತರ ಬಂದದ್ದು ನನಗೇ ಕೇಳಿಸಿತು.

ಆ ಸದ್ದಿನಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಬಾಗಿಲು ತಟ್ಟಿ ಕಾಯುವವರ ತಾಳ್ಮೆ ಇತ್ತು ಅದಕ್ಕೆ. ನಾನು ಪಟ್ಟಿ ಬಿಚ್ಚಿ ಕೆಳಗಿಟ್ಟದ್ದು ಅದರಿಂದಲೇ.

ಮರುದಿನ ಮಾವ ಮನೆಯೊಳಗೆ ಮಲಗಿದ್ದಾಗ ನಾನೊಬ್ಬಳೇ ಹೋಗಿ ಅದೇ ಲಯದಲ್ಲಿ ಬಡಿದು ನೋಡಿದೆ. ಉತ್ತರವಿಲ್ಲ. ಗಟ್ಟಿಯಾಗಿ ಬಡಿದೆ, ಮೆಲ್ಲಗೆ ಬಡಿದೆ. ಮಳೆನೀರು ಇಳಿಯುವ ಸದ್ದು ಬಿಟ್ಟು ಬೇರೇನಿಲ್ಲ. ಮಾವ ಎದ್ದು ಬಂದು ಸುತ್ತಿಗೆ ಎತ್ತಿಕೊಂಡರು. ಒಂದು ಸಲ ಬಡಿದದ್ದೇ ತಡ, ಕೆಳಗಿನಿಂದ ಬಂತು. ಅವರು ಬಡಿದು ಮುಗಿಸುವವರೆಗೆ ಅದು ಕಾಯುತ್ತಿತ್ತು. ಒಂದು ದಿನವೂ ಅವರ ಬಡಿತದ ಮೇಲೆ ಬೀಳಲಿಲ್ಲ.

ಅಲ್ಲಿಂದ ಮಾವ ನಮ್ಮವರಾಗಿ ಉಳಿಯಲಿಲ್ಲ. ಬೆಳಿಗ್ಗೆ ಕಾಫಿ ಕುಡಿದು ಕೊಟ್ಟಿಗೆಗೆ ಹೋದರೆ ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ನನ್ನ ದನಿ ಕೇಳಲು ಮೈಕು ಮುಂದಿಡುವುದನ್ನೂ ಬಿಟ್ಟರು. ಬಾಗಿಲ ಹತ್ತಿರ ಹೋದರೆ ಒಳಗೆ ಯಾರೊಂದಿಗೋ ತಮಿಳಿನಲ್ಲಿ ಮಾತಾಡುತ್ತಿದ್ದರು, ಮಧ್ಯೆ ಮಧ್ಯೆ ನಗುತ್ತಿದ್ದರು. ಮನೆಯಲ್ಲಿ ನಾವು ಆಡುವುದು ಕನ್ನಡ, ಸ್ವಲ್ಪ ತೆಲುಗು. ಅವರ ಬಾಯಲ್ಲಿ ತಮಿಳನ್ನು ನಾನು ಕೇಳಿದ್ದು ಅದೇ ಮೊದಲು. ನಾಗರಾಜ ಒಂದು ಸಂಜೆ ಪಟ್ಟಿ ಹಾಕಿಕೊಂಡು ಕೇಳಿದರು. ಏನೋ ಗಡಿಯಾರದ ಹಾಗೆ ಇದೆ ಅಷ್ಟೇ ಎಂದರು, ಆದರೆ ಪಟ್ಟಿಯನ್ನು ನನ್ನ ಕೈಗೆ ಕೊಡದೆ ಬೆಂಚಿನ ಮೇಲೆ ದೂರಕ್ಕೆ ಸರಿಸಿಟ್ಟರು. ತಂತಿ ಕಿತ್ತು ಹಾಕಿಬಿಡು, ಕೆಟ್ಟುಹೋಯಿತೆಂದು ಹೇಳೋಣ ಎಂದು ನನ್ನಲ್ಲಿ ಕೇಳಿಕೊಂಡರು. ನನಗೆ ಮನಸ್ಸು ಬರಲಿಲ್ಲ. ಒಮ್ಮೆ ಕೊಟ್ಟ ಕಿವಿಯನ್ನು ಮತ್ತೆ ಕಿತ್ತುಕೊಳ್ಳುವುದು ಹೇಗೆ? ಅದಕ್ಕಿಂತ ನೇರವಾಗಿ ಮಾವನನ್ನೇ ಕೇಳುವುದು ವಾಸಿ ಎನಿಸಿತು.

ಕೇಳಿದೆ. ಮಾವ ಸುತ್ತಿಗೆ ಕೆಳಗಿಟ್ಟು, ಯಾವ ಆತುರವೂ ಇಲ್ಲದೆ ಹೇಳಿದರು. ಗಣಿಯಲ್ಲಿ ಬಂಡೆ ಕೊರೆಯುವ ಯಂತ್ರಕ್ಕೆ ಇಬ್ಬರು ಜೊತೆಯಾಗಿರುತ್ತಿದ್ದರಂತೆ. ಮಾವನ ಜೊತೆಗಾರ ಆರ್ಮುಗಂ. ಯಂತ್ರದ ಅಬ್ಬರದಲ್ಲಿ ಕೂಗಿದರೆ ಕೇಳುವುದಿಲ್ಲವೆಂದು ಇಬ್ಬರೂ ಯಂತ್ರಕ್ಕೆ ಗಾಳಿ ಒಯ್ಯುವ ಪೈಪಿನ ಮೇಲೆ ಬಡಿದು ಒಬ್ಬರನ್ನೊಬ್ಬರು ಕರೆಯುತ್ತಿದ್ದರು. ಎರಡು ಬೇಗ, ಒಂದು ತಡೆದು. ಅದು ಅವರಿಬ್ಬರ ನಡುವಿನದ್ದು, ಬೇರೆ ಯಾರೂ ಹಾಗೆ ಬಡಿಯುತ್ತಿರಲಿಲ್ಲ. ಒಂದು ದಿನ ಮಾವ ಏನೋ ತರಲು ಈಚೆ ಬಂದಿದ್ದಾಗ ಬಂಡೆ ಸಿಡಿಯಿತು. ಗಾಳಿ ಅವರನ್ನೆತ್ತಿ ಗೋಡೆಗೆ ಬಡಿಯಿತು. ಎಚ್ಚರವಾದಾಗ ದಾರಿ ಪೂರ್ತಿ ಮುಚ್ಚಿತ್ತು. ಸುತ್ತ ನಿಂತವರೆಲ್ಲ ಪೈಪಿಗೆ ಕಿವಿಗೊಟ್ಟಿದ್ದರು. ಆಚೆಯಿಂದ ಆರ್ಮುಗಂ ಬಡಿಯುತ್ತಿದ್ದಾನೆಂದು ಕೈ ಆಡಿಸಿ ಮಾವನಿಗೆ ತಿಳಿಸಿದರು.

"ನಾನೂ ಕಿವಿ ಇಟ್ಟೆ. ಏನೂ ಕೇಳಿಸ್ಲಿಲ್ಲ," ಎಂದರು ಮಾವ. "ಎಲ್ರಿಗೂ ಕೇಳಿಸ್ತು ಅಮ್ಮಣ್ಣಿ. ಅವ್ನು ಕರೀತಿದ್ದಿದ್ದು ನನ್ನ. ನಂಗೊಬ್ಬುಂಗೇ ಕೇಳಿಸ್ಲಿಲ್ಲ."

ಅಗೆಯಹೋದರೆ ಇನ್ನಷ್ಟು ಬಂಡೆ ಬಿತ್ತಂತೆ. ಬಡಿತ ನಿಂತ ಮೇಲೆ ಆ ದಾರಿಗೆ ಗೋಡೆ ಕಟ್ಟಿದರು. ಆರ್ಮುಗಂನ ಹೆಂಡತಿ ಊರು ಬಿಟ್ಟು ಹೋದಳು. ಮೈ ಸಿಗಲಿಲ್ಲವಾದ್ದರಿಂದ ಮಣ್ಣು ಮಾಡುವುದೂ ಆಗಲಿಲ್ಲ.

ಆ ಸಲದ ಪಿತೃಪಕ್ಷದಲ್ಲಿ ಮಾವ ಹಿರಿಯರಿಗೆ ಎಡೆ ಇಡುವಾಗ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿಸಿದರು. ಅದಕ್ಕೆ ಬಡಿಸಿದ್ದನ್ನೆಲ್ಲ ಒಯ್ದು ಕೊಟ್ಟಿಗೆಯಲ್ಲಿಟ್ಟು ಬಾಗಿಲು ಎಳೆದುಕೊಂಡು ಬಂದರು. ಅಷ್ಟಕ್ಕೆ ಮುಗಿಯುತ್ತದೆಂದು ನಾನೂ ನಾಗರಾಜನೂ ಅಂದುಕೊಂಡೆವು. ಮಾರನೆಯ ದಿನ ಮಾವ ಕೊಟ್ಟಿಗೆಯಿಂದ ಬಂದು, ಬಹಳ ದಿನಗಳ ಮೇಲೆ ನನ್ನ ಮುಖ ನೋಡಿ ನಕ್ಕು ಹೇಳಿದರು:

"ಏರ್ತಾ ಅವ್ನೆ."

ಅದೂ ಸುಳ್ಳಲ್ಲ. ಮೊದಲು ಪಾತಾಳದಿಂದ ಬಂದಂತಿದ್ದ ಬಡಿತ ದಿನದಿನಕ್ಕೆ ದಪ್ಪವಾಗುತ್ತ, ಹತ್ತಿರವಾಗುತ್ತ ಬರುತ್ತಿತ್ತು. ನಾನು ಸರ್ಕ್ಯೂಟಿನ ದನಿ ಕಡಿಮೆ ಮಾಡುತ್ತ ಬಂದೆ, ಆದರೂ ಮೊದಲಿಗಿಂತ ಜೋರಾಗಿ ಕೇಳುತ್ತಿತ್ತು. ಆ ದಿನಗಳಲ್ಲೇ ಕೆರೆಯ ಏರಿ ಗಟ್ಟಿಯಿದೆಯೇ ಎಂದು ನೋಡಲು ನೆಲ ಜಲದ ವಿದ್ಯೆ ಓದಿದ ಒಬ್ಬರು ಊರಿಗೆ ಬಂದಿದ್ದರು. ಅವರನ್ನು ಕರೆದು ಕೇಳಿಸಿದೆ. ಅವರು ಗಮನವಿಟ್ಟು ಕೇಳಿ, ಹಳೆಯ ಗಣಿಗಳೊಳಗೆ ನೀರು ಏರುತ್ತಿದೆ, ಸಿಕ್ಕಿಕೊಂಡ ಗಾಳಿ ಮೇಲೆ ಬರಲು ದಾರಿ ಹುಡುಕುತ್ತ ಹೀಗೆ ಗುದ್ದುತ್ತದೆ ಎಂದರು. ನಿಮ್ಮ ಹೊಲದ ಕೆಳಗೂ ಯಾರೂ ಬರೆದಿಡದ ಹಳೇ ಗುಂಡಿಗಳು ಇದ್ದಾವು, ಹುಷಾರಾಗಿರಿ ಎಂದರು. ನನಗೆ ಆ ಮಾತು ಸರಿಯೆನಿಸಿತು, ಈಗಲೂ ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ. ನಾನು ಬಡಿದರೆ ಯಾಕೆ ಉತ್ತರ ಬರುವುದಿಲ್ಲ ಎಂದು ಮಾತ್ರ ಅವರನ್ನು ಕೇಳಲಿಲ್ಲ.

ದೀಪಾವಳಿ ಆದ ಮೇಲೆ ಜಡಿಮಳೆ ಹಿಡಿಯಿತು. ಬಿಸಿಲೆಂಬುದೇ ಇಲ್ಲ. ರಾಗಿ ತೆನೆ ಹೊಲದಲ್ಲೇ ಮೊಳೆಯಿತು. ಹಸುಗಳನ್ನು ಹಳೆಯ ಕೊಟ್ಟಿಗೆಯ ಪಕ್ಕದ ಗೋಡೆಗೆ ಕಟ್ಟಿದರೆ ಮಲಗುತ್ತಿರಲಿಲ್ಲ, ಹಗ್ಗ ಎಳೆದುಕೊಂಡು ಇನ್ನೊಂದು ಬದಿಗೆ ಬಂದು ನಿಲ್ಲುತ್ತಿದ್ದವು. ಒಂದು ದಿನ ಬೆಳಿಗ್ಗೆ ಬಡಿತ ಕೇಳಲು ಸರಳೂ ಪಟ್ಟಿಯೂ ಬೇಡವಾಗಿದ್ದವು. ಬೆಂಚಿನ ಮೇಲಿಟ್ಟಿದ್ದ ಸ್ಕ್ರೂಗಳ ಡಬ್ಬ ಆ ಲಯಕ್ಕೆ ಮೆಲ್ಲಗೆ ಕಿಣಿಗುಡುತ್ತಿತ್ತು.

ಅವತ್ತು ಊಟ ಮುಗಿಸಿ ನಾನು ಕೊಟ್ಟಿಗೆಯಲ್ಲಿ ಒಂದು ಪಂಪಿನ ಸುರುಳಿಗೆ ಬೆಸುಗೆ ಹಾಕುತ್ತಿದ್ದೆ. ಮಾವ ಎಂದಿನ ಜಾಗದಲ್ಲಿ ಕೂತಿದ್ದರು. ಹೊಗೆ ಏಳುತ್ತಿತ್ತು, ಹೊರಗೆ ಮಳೆ. ಮಾವ ತಲೆಯ ಪಟ್ಟಿ ಬಿಚ್ಚಿ, ಮಡಿಚಿ, ಬೆಂಚಿನ ಮೇಲಿಟ್ಟರು. ಎದ್ದು ಬಂದು ನನ್ನ ಮಣಿಕಟ್ಟು ಹಿಡಿದರು.

"ನಡಿ ಆಚ್ಗೆ."

ಯಾಕೆಂದು ಹುಬ್ಬೆತ್ತಿದೆ.

"ದಾರಿ ಬುಡ್ಬೇಕು. ಬತ್ತಾ ಅವ್ನೆ."

ಅವರ ದನಿಯಲ್ಲಿ ಗಾಬರಿಯಿರಲಿಲ್ಲ. ಬಸ್ಸಿನಲ್ಲಿ ಇಳಿಯುವವರಿಗೆ ಸರಿದು ನಿಲ್ಲು ಎಂದು ಹೇಳುವ ಹಾಗಿತ್ತು. ನಾನು ನಗುತ್ತಲೇ ಹೋದೆ. ಅಂಗಳ ದಾಟಿ ಹೊಂಗೆ ಮರದ ಕೆಳಗೆ ನಿಂತೆವು. ಹನಿ ತಲೆಯ ಮೇಲೆ ಬೀಳುತ್ತಿತ್ತು. ಏನೂ ಆಗಲಿಲ್ಲ. ಬೆಸುಗೆ ಕಡ್ಡಿಯ ಸ್ವಿಚ್ಚು ಹಾಕಿಯೇ ಇದೆ ಎಂದು ನೆನಪಾಗಿ, ಆರಿಸಿ ಬರುತ್ತೇನೆಂದು ಸನ್ನೆ ಮಾಡಿ ಹೊರಟೆ. ಮಾವ ಕೈ ಬಿಡಲಿಲ್ಲ. ಎಳೆದುಕೊಂಡೆ. ಆ ವಯಸ್ಸಿನ ಕೈಯಲ್ಲಿ ಅಷ್ಟು ಬಲವಿದೆಯೆಂದು ನನಗೆ ತಿಳಿದಿರಲಿಲ್ಲ.

ಆಗ ನೆಲ ಅದುರಿತು. ಮನೆಯೊಳಗೆ ಪಾತ್ರೆಗಳು ಉರುಳಿದವು. ಹಸುಗಳೆಲ್ಲ ಒಟ್ಟಿಗೆ ಕೂಗಿಕೊಂಡವು. ನಾನು ನೋಡುತ್ತಿದ್ದಂತೆಯೇ ಹಳೆಯ ಕೊಟ್ಟಿಗೆಯ ನೆಲ ಒಳಗೆ ಇಳಿಯಿತು. ಬೆಂಚು, ಗೊಂತು, ಮೋಟರುಗಳು, ಮಾವ ಕೂರುತ್ತಿದ್ದ ಸ್ಟೂಲು, ಹಿಂದಿನ ಗೋಡೆ, ಆಮೇಲೆ ಮಾಡಿನ ಶೀಟುಗಳು. ದೊಡ್ಡ ಸದ್ದೇನೂ ಆಗಲಿಲ್ಲ. ಎಲ್ಲ ಮೆತ್ತಗೆ, ನುಂಗಿದ ಹಾಗೆ ಹೋಯಿತು. ಬಿದ್ದದ್ದು ತಳ ಮುಟ್ಟಿದ ಸದ್ದಿಗಾಗಿ ಕಾದೆ, ಅದು ಕೇಳಿಸಲಿಲ್ಲ. ಬದಲಿಗೆ ಆ ಬಾಯಿಂದ ಗಾಳಿ ಎದ್ದಿತು. ಚಳಿಮಳೆಯಲ್ಲಿ ನಡುಗುತ್ತ ನಿಂತಿದ್ದ ನಮ್ಮ ಮುಖಕ್ಕೆ ಬೆಚ್ಚಗಿನ, ಒದ್ದೆಯಾದ, ಯಾರೋ ಬಾಯಿ ತೆರೆದು ಉಸಿರು ಬಿಟ್ಟಂಥ ಗಾಳಿ. ಮಾವ ಅದನ್ನು ಆಳವಾಗಿ ಎಳೆದುಕೊಂಡರು. ಕೆಳಗಿನ ಗಾಳಿ ಹೀಗೇ ಇರುತ್ತಿತ್ತು ಎಂದರು.

ಆಮೇಲೆ ಊರು ನೆರೆಯಿತು. ಪಂಚಾಯ್ತಿಯವರು ಹಗ್ಗ ಕಟ್ಟಿದರು. ಟ್ರ್ಯಾಕ್ಟರುಗಳಲ್ಲಿ ಮಣ್ಣು ತಂದು ತಂದು ಸುರಿದು ಗುಂಡಿ ಮುಚ್ಚುವಷ್ಟರಲ್ಲಿ ಬೇಸಿಗೆ ಬಂತು. ಮಾವನಿಗೆ ಇನ್ನೊಂದು ಪಟ್ಟಿ ಮಾಡಿಕೊಡಲು ಹೊರಟರೆ ಬೇಡವೆಂದರು, ಕೇಳಬೇಕಾದದ್ದು ಕೇಳಿಯಾಯಿತು ಎಂದರು. ಮತ್ತೆ ಸನ್ನೆಗೇ ಮರಳಿ, ಕಳೆದ ವರ್ಷ ತೀರಿಹೋಗುವವರೆಗೂ ಹಾಗೆಯೇ ನೆಮ್ಮದಿಯಾಗಿದ್ದರು.

ಆದರೆ ಆ ಮಧ್ಯಾಹ್ನ, ಊರಿನವರು ಇನ್ನೂ ಬಂದಿರಲಿಲ್ಲ. ನಾನು ಮರ ಹಿಡಿದುಕೊಂಡು ನಿಂತಿದ್ದೆ. ಮಾವ ಗುಂಡಿಯ ಅಂಚಿನ ಹತ್ತಿರ ಹೋಗಿ ಒಳಗೆ ಬಗ್ಗಿ ನೋಡಿದರು.

"ಪೋದುಂ ಡಾ," ಎಂದರು. "ಮೇಲೆ ವಾ."

ಸಾಕು ಕಣೋ, ಮೇಲೆ ಬಾ. ಅಷ್ಟು ನನಗೂ ಅರ್ಥವಾಯಿತು. ಸ್ವಲ್ಪ ಹೊತ್ತು ಕೈ ಚಾಚಿಕೊಂಡು ನಿಂತರು. ಆಮೇಲೆ ತಿರುಗಿ ಮನೆಯ ಕಡೆ ನಡೆದರು, ಒಬ್ಬರೇ ನಡೆಯುವವರಂತೆ ದಾರಿಯ ನಡುವೆ ಅಲ್ಲ, ಬದಿಗೆ ಸರಿದು. ಹೊಸ್ತಿಲ ಹತ್ತಿರ ನಿಂತು, ಬಾಗಿಲಿಗೆ ಕೈ ತೋರಿಸಿ, ಒಬ್ಬ ಮನುಷ್ಯ ಕಾಲಿನ ಕೆಸರು ಒರೆಸಿಕೊಂಡು ಒಳಗೆ ಹೋಗುವಷ್ಟು ಹೊತ್ತು ಕಾದರು. ಅದಾದ ಮೇಲೆ ತಾವು ಹೋದರು.

ನಾನು ಒಳಗೆ ಬಂದಾಗ ಮಾವ ಚಾಪೆಯ ಒಂದು ಕೊನೆಯಲ್ಲಿ ಕೂತಿದ್ದರು. ನಮ್ಮಿಬ್ಬರಿಗೂ ಕಾಫಿ ಇಡಮ್ಮಣ್ಣಿ ಎಂದರು. ಎರಡು ಲೋಟ ತುಂಬ ಮಾಡಿ ತಂದೆ. ಒಂದನ್ನು ಮಾವನ ಕೈಗೆ ಕೊಟ್ಟೆ, ಇನ್ನೊಂದನ್ನು ಚಾಪೆಯ ಇನ್ನೊಂದು ಕೊನೆಯಲ್ಲಿ, ಬಿಸಿಯಿದೆ ಎಂದು ಹೇಳಿ, ಇಟ್ಟೆ.